ಮೂರು ಸಾಲಿನ ಒಳದಾರಿ

‘ಇಲ್ಲಿ ಒಳದಾರಿ ಬರೆದುಕೊಡಲಾಗುವುದು’ ಎಂಬ ಬೋರ್ಡು ನನ್ನ ಅಂಗಡಿಯ ಮುಂದೆ ಇವತ್ತಿಗೂ ಇದೆ. ಕಿತ್ತು ಹಾಕಬೇಕೆಂದು ಎರಡು ಸಲ ಸ್ಟೂಲು ಹತ್ತಿದ್ದೇನೆ, ಎರಡು ಸಲವೂ ಇಳಿದಿದ್ದೇನೆ. ಇರಲಿ, ನೋಡಿ ನೋಡಿ ಹೊಟ್ಟೆ ಉರಿಸಿಕೊಳ್ಳುವುದಕ್ಕಾದರೂ ಇರಲಿ. ನಮ್ಮ ಗಾಣದ ಬೀದಿಯ ಜನ ಈಗ ಅದರ ಮುಂದೆ ಹಾದುಹೋಗುವಾಗ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾರೆ. ತಿರುಗಿಸಿಕೊಳ್ಳಲಿ. ಅವರ ಮುಖ ನೋಡದೆ ನನಗೇನೂ ಊಟ ಸೇರದೆ ಹೋಗಿಲ್ಲ.

ನಮ್ಮೂರಿನಲ್ಲಿ ಮಾತು ಹೊಸ್ತಿಲು ದಾಟುವುದಿಲ್ಲ. ಒಳಗೆ ಆಡಿದ್ದು ಒಳಗೆ, ಬೀದಿಯಲ್ಲಿ ಆಡಿದ್ದು ಬೀದಿಯಲ್ಲಿ. ಹೊಸ್ತಿಲಿನ ಆಚೆ ನಿಂತು ಗಂಟಲು ಹರಿಯುವಂತೆ ಕೂಗಿದರೂ ಒಳಗಿದ್ದವರಿಗೆ ಕಾಣುವುದು ತೆರೆದ ಬಾಯಿ ಮಾತ್ರ. ಕುಕ್ಕರಿನ ಸೀಟಿ ದಾಟುತ್ತದೆ, ನಾಯಿ ಬೊಗಳಿದ್ದು ದಾಟುತ್ತದೆ, ತಟ್ಟೆ ಬಿದ್ದ ಸದ್ದು ದಾಟುತ್ತದೆ. ಮನುಷ್ಯನ ಬಾಯಿಂದ ಹೊರಟದ್ದು ಮಾತ್ರ ಬಾಗಿಲಲ್ಲೇ ಸಾಯುತ್ತದೆ. ಹೀಗಾಗಿ ತರಕಾರಿ ಗಾಡಿಯವನು ಕೂಗುವುದಿಲ್ಲ, ತಕ್ಕಡಿಯ ತಟ್ಟೆ ಬಡಿಯುತ್ತಾನೆ. ಜಗಳ ಆಡಬೇಕೆಂದವರು ಮೊದಲು ಬೀದಿಗೆ ಇಳಿಯುತ್ತಾರೆ. ಸೊಸೆಯರು ಹಿತ್ತಲಿಗೆ ಹೋಗಿ ಅತ್ತೆಯನ್ನು ಮನಸಾರೆ ಬೈದು, ಮುಖ ತೊಳೆದುಕೊಂಡು ಒಳಗೆ ಬರುತ್ತಾರೆ. ಅದಕ್ಕೆಲ್ಲ ನಾವು ಎಂದೋ ಒಗ್ಗಿಕೊಂಡಿದ್ದೇವೆ.

ಮನೆ ಮನೆಗೂ ಒಂದು ಪೆಟ್ಟಿಗೆ ಇದೆ. ಕಪ್ಪು ಪರದೆ, ಹಸಿರು ಅಕ್ಷರ, ಮುಂದೆ ಒಂದು ಕೀಲಿಮಣೆ. ಚಿತ್ರ ಗಿತ್ರ ಏನೂ ಇಲ್ಲ. ಇನ್ನೊಂದು ಮನೆಗೆ ಏನಾದರೂ ಹೇಳಬೇಕೆಂದರೆ ಒಂದು ಸಾಲಿನ ಆಜ್ಞೆ ಬರೆಯಬೇಕು. ಮೊದಲು ‘ಕಳಿಸು’, ಆಮೇಲೆ ಬೀದಿಯ ಹೆಸರು, ಮನೆಯ ಅಂಕಿ, ಬಗೆ ಸಾಮಾನ್ಯವೋ ತುರ್ತೋ ಎಂಬುದು, ಕೊನೆಗೆ ಎರಡು ಕೊಂಡಿಗಳ ನಡುವೆ ಹೇಳಬೇಕಾದ ಮಾತು. ಒಂದು ಚುಕ್ಕಿ ತಪ್ಪಿದರೂ ಪೆಟ್ಟಿಗೆ ‘ತಿಳಿಯಲಿಲ್ಲ’ ಎಂದು ಹೇಳಿ ಸುಮ್ಮನಾಗುತ್ತದೆ. ‘ತುರ್ತು’ ಎಂದು ಬರೆದರೆ ಆ ಮನೆಯ ಪೆಟ್ಟಿಗೆ ಗಂಟೆ ಹೊಡೆಯುತ್ತದೆ. ‘ಉಪ್ಪು ಇದೆಯಾ’ ಎಂದು ಪಕ್ಕದ ಮನೆಯನ್ನು ಕೇಳಲು ಇಷ್ಟೆಲ್ಲ ಕುಟ್ಟಬೇಕು. ವಯಸ್ಸಾದವರು ಒಂದು ಸಾಲು ಮುಗಿಸುವಷ್ಟರಲ್ಲಿ ಸಾರು ಸೀದಿರುತ್ತಿತ್ತು.

ಅಲ್ಲಿಂದ ನನ್ನ ಕಸುಬು ಶುರುವಾಯಿತು. ಉದ್ದದ ಆಜ್ಞೆಯನ್ನು ಮಡಿಸಿ ಒಂದು ಅಕ್ಷರದೊಳಗೆ ಇಡುವುದಕ್ಕೆ ನಾವು ಒಳದಾರಿ ಎನ್ನುತ್ತೇವೆ. ‘ಉ’ ಒತ್ತಿದರೆ ಗಿರಣಿಯಲ್ಲಿರುವ ಗಂಡನಿಗೆ ಊಟಕ್ಕೆ ಬನ್ನಿ ಎಂದು ಹೋಗುತ್ತದೆ. ‘ಹಾ’ ಒತ್ತಿದರೆ ನಾಳೆ ಅರ್ಧ ಲೀಟರ್ ಹಾಲು ಜಾಸ್ತಿ. ‘ಗು’ ಒತ್ತಿದರೆ ಕಾಯಿಲೆ ಬಿದ್ದವರಿಗೆ ‘ಬೇಗ ಗುಣವಾಗಲಿ’. ಯಾರಾದರೂ ‘ಎಲ್ಲಿದ್ದೀ’ ಎಂದು ಕೇಳಿದರೆ ‘ದಾರಿಯಲ್ಲಿದ್ದೇನೆ’ ಎಂದು ಪೆಟ್ಟಿಗೆಯೇ ಹೇಳುವ ಹಾಗೆ ಒಂದು ಬರೆದಿದ್ದೆ. ಊರಿನ ಗಂಡಸರು ಅದಕ್ಕಾಗಿ ನನಗೆ ಕೈ ಮುಗಿದರು. ಮನೆ ಮನೆಗೆ ಹೋಗಿ ತಿದ್ದುವ ಸೋಮಾರಿತನಕ್ಕೆ ನಾನೊಂದು ಉಪಾಯ ಮಾಡಿಕೊಂಡಿದ್ದೆ. ಒಳದಾರಿಗಳೆಲ್ಲ ನನ್ನ ಅಂಗಡಿಯ ಪೆಟ್ಟಿಗೆಯೊಳಗಿನ ಒಂದೇ ಕಡತದಲ್ಲಿ ಇರುತ್ತಿದ್ದವು. ಬೀದಿಯ ನೂರ ನಲವತ್ತಮೂರು ಪೆಟ್ಟಿಗೆಗಳಲ್ಲಿ ಇದ್ದದ್ದು ಒಂದೇ ಸಾಲು: ಪದ್ಮಾಕ್ಷಿಯ ಕಡತ ಓದು. ಇಲ್ಲಿ ಒಂದು ಅಕ್ಷರ ಬದಲಾಯಿಸಿದರೆ ನೂರ ನಲವತ್ತಮೂರು ಮನೆಯಲ್ಲೂ ಬದಲಾಗುತ್ತಿತ್ತು. ಎಂಥ ಬುದ್ಧಿವಂತೆ ನಾನು ಎಂದು ಬೀಗುತ್ತಿದ್ದೆ.

ನಮ್ಮ ಬೀದಿಗೆ ಒಂದು ರೂಢಿ ಇದೆ. ಕಷ್ಟ ಬಂದವರು ತುರ್ತು ಗಂಟೆ ಹೊಡೆದರೆ, ಕೇಳಿಸಿಕೊಂಡವರು ‘ಬಂದೆ’ ಎಂದು ಬರೆದು ಹೊರಡಬೇಕು. ಮೂರು ಮನೆಯಿಂದ ‘ಬಂದೆ’ ಬಂದ ಮೇಲೆ ನಾಲ್ಕನೆಯ ಮನೆಯ ಗಂಟೆ ಹೊಡೆಯಬಾರದು. ಹೊಡೆದರೆ ಆ ಮೂವರನ್ನು ನಂಬಲಿಲ್ಲ ಎಂದಾಗುತ್ತದೆ, ಅದು ಮುಖಕ್ಕೆ ಉಗಿದಷ್ಟೇ ಅವಮಾನ. ಹಿಂದೊಮ್ಮೆ ನಾಲ್ಕನೆಯ ಗಂಟೆ ಹೊಡೆದ ಮನೆಗೆ ಆರು ತಿಂಗಳು ಯಾರೂ ಅರಿಸಿನ ಕುಂಕುಮಕ್ಕೆ ಹೋಗಲಿಲ್ಲ. ರೂಢಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಜನ ನಿಜವಾಗಿ ಬರುತ್ತಿದ್ದ ಕಾಲದಲ್ಲಿ ಅದು ಒಳ್ಳೆಯ ರೂಢಿಯೇ ಆಗಿತ್ತು.

ಆಮೇಲೆ ಚೆನ್ನವೀರಯ್ಯ ನನ್ನ ಅಂಗಡಿಗೆ ಬಂದರು. ಅವರು ನಮ್ಮ ಬೀದಿಯ ಯಜಮಾನರು, ನ್ಯಾಯ ಪಂಚಾಯ್ತಿಗೆಲ್ಲ ಅವರೇ. “ನೋಡಮ್ಮಾ, ಈ ಗಂಟೆ ಕಾಟ ತಡೆಯಕ್ಕಾಗ್ತಿಲ್ಲ. ಮಗೂಗೆ ಜ್ವರ ಅಂತಾರೆ, ಹಾವು ಅಂತಾರೆ, ಹೋಗಿ ನೋಡಿದ್ರೆ ಓತಿಕ್ಯಾತ. ಹಂಗಂತ ಬಂದೆ ಅನ್ನದೆ ಇದ್ರೆ ಮರ್ಯಾದೆ ಹೋಗುತ್ತೆ. ಏನಾದ್ರೂ ಮಾಡಿಕೊಡು” ಎಂದರು. ನಾನು ಅಲ್ಲೇ ಕುಳಿತು ಮೂರು ಸಾಲು ಬರೆದೆ. ಬಂದದ್ದು ತುರ್ತು ಆದರೆ. ಗಂಟೆ ನಿಲ್ಲಿಸು. ‘ಬಂದೆ’ ಎಂದು ಕಳಿಸು. ಅಷ್ಟೇ. ಗಂಟೆ ಬಾಯಿ ತೆರೆಯುವ ಮೊದಲೇ ಉತ್ತರ ಹೋಗಿರುತ್ತಿತ್ತು. ಒಂದು ವಾರದೊಳಗೆ ಇಡೀ ಬೀದಿ ಅದನ್ನು ಕೇಳಿ ಹಾಕಿಸಿಕೊಂಡಿತು. ನನ್ನ ಪೆಟ್ಟಿಗೆಗೂ ನಾನೇ ಹಾಕಿಕೊಂಡೆ. ಬೀದಿ ತಣ್ಣಗಾಯಿತು, ಎಲ್ಲರೂ ಎಲ್ಲರಿಗೂ ಬಂದೆ ಬಂದೆ ಎನ್ನುತ್ತ ತಮ್ಮ ತಮ್ಮ ಮನೆಯಲ್ಲಿ ಕಾಲು ಚಾಚಿದರು.

ಒಳದಾರಿ ಬೇಡವೆಂದವಳು ಒಬ್ಬಳೇ, ನನ್ನ ಅಕ್ಕ ಭಾಗೀರಥಿ. ಅಮ್ಮ ಹೋದಾಗ ನನಗೆ ಒಂಬತ್ತು, ಅವಳಿಗೆ ಹತ್ತೊಂಬತ್ತು. ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿದು ನನ್ನನ್ನು ಸಾಕಿದಳು, ಪೆಟ್ಟಿಗೆಯ ವಿದ್ಯೆ ಕಲಿಸಿದಳು, ಅಂಗಡಿ ಇಟ್ಟುಕೊಟ್ಟಳು. ಕಾಲಲ್ಲಿ ತುಳಿಯುವ ಕಬ್ಬಿಣದ ಹೊಲಿಗೆ ಮಿಷನ್ ಅವಳದು, ಇಬ್ಬರು ಸೇರಿದರೆ ಮಾತ್ರ ಎತ್ತಬಹುದಾದಷ್ಟು ಭಾರ. ಅಂಗಡಿಯಿಂದ ನೂರು ಹೆಜ್ಜೆ ದೂರದ ಮನೆಯಲ್ಲಿ ಒಬ್ಬಳೇ ಇದ್ದಳು. “ನಿನಗೂ ನಾಲ್ಕು ಒಳದಾರಿ ಬರೆದುಕೊಡ್ತೀನಿ ಅಕ್ಕಾ” ಎಂದರೆ “ನಾನು ಹೇಳೋದನ್ನ ನಾನೇ ಹೇಳ್ತೀನಿ ಕಣೇ, ನಿನ್ನ ಪೆಟ್ಟಿಗೆ ಯಾಕೆ ಹೇಳಬೇಕು?” ಎನ್ನುವಳು. ಒಂದೊಂದು ಆಜ್ಞೆಯನ್ನೂ ಕಾಜಾ ಹೊಲಿದಷ್ಟು ನಿಧಾನವಾಗಿ ಪೂರ್ತಿ ಬರೆಯುತ್ತಿದ್ದಳು. ನಾನು ನಗುತ್ತಿದ್ದೆ. ಆ ನಗುವನ್ನು ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅವತ್ತು ಬೆಳಿಗ್ಗೆ ಹತ್ತರ ಸುಮಾರಿಗೆ ಅಕ್ಕ ಮಿಷನ್ನನ್ನು ಗೋಡೆಗೆ ವಾಲಿಸಿ ಅಡಿಯ ತುಳಿಗೆಗೆ ಎಣ್ಣೆ ಬಿಡುತ್ತಿದ್ದಳು. ಮಿಷನ್ ಜಾರಿ ಅವಳ ಬಲಪಾದದ ಮೇಲೆ ಬಿತ್ತು. ಎಳೆದುಕೊಳ್ಳಲು ಆಗಲಿಲ್ಲ, ಎತ್ತಲು ಆಗಲಿಲ್ಲ. ಬಾಗಿಲು ತೆರೆದೇ ಇತ್ತು, ಬೀದಿಯಲ್ಲಿ ಜನ ಓಡಾಡುತ್ತಿದ್ದರು, ಗೋಡೆಯ ಪಕ್ಕ ನೆಲಕ್ಕೆ ಬಿದ್ದವಳು ಯಾರ ಕಣ್ಣಿಗೂ ಬೀಳಲಿಲ್ಲ, ಅವಳು ಕೂಗಿದಳು. ಕೂಗು ಹೊಸ್ತಿಲಲ್ಲಿ ಸತ್ತಿತು. ಪೆಟ್ಟಿಗೆ ಪಕ್ಕದ ಮಣೆಯ ಮೇಲಿತ್ತು. ವೈರು ಹಿಡಿದು ಕೀಲಿಮಣೆಯನ್ನು ಕೆಳಗೆ ಎಳೆದುಕೊಂಡು, ನೆಲದ ಮೇಲೆ ಬಿದ್ದುಕೊಂಡೇ ಬರೆದಳು.

ಏನು ಬರೆದಳೆಂದು ನನಗೆ ಹೇಗೆ ಗೊತ್ತು ಎಂದರೆ, ಆಮೇಲೆ ಅವಳು ಆಸ್ಪತ್ರೆಯಲ್ಲಿದ್ದಾಗ ಅವಳ ಪರದೆಯ ಮುಂದೆ ಕುಳಿತು ಒಂದೊಂದು ಸಾಲೂ ಓದಿದೆ. ಮೊದಲ ಆಜ್ಞೆಯಲ್ಲಿ ಒಂದು ಕೊಂಡಿ ತಪ್ಪಿತ್ತು, ‘ತಿಳಿಯಲಿಲ್ಲ’. ಎರಡನೆಯದರಲ್ಲಿ ಮನೆಯ ಅಂಕಿ ತಪ್ಪಿತ್ತು, ‘ತಿಳಿಯಲಿಲ್ಲ’. ಮೂರನೆಯದು ಸರಿಯಾಗಿತ್ತು. ನನ್ನ ಅಂಗಡಿಗೆ, ಬಗೆ ತುರ್ತು, ‘ಕಾಲು ಮಿಷನ್ ಕೆಳಗೆ ಸಿಕ್ಕಿದೆ, ಬಾ ಪದ್ದಿ’. ಕೆಳಗೆ ತಕ್ಷಣ ಉತ್ತರ, ‘ಬಂದೆ’. ಆಮೇಲೆ ಪಕ್ಕದ ಮನೆ ಹೊನ್ನಮ್ಮನಿಗೆ. ‘ಬಂದೆ’. ಆಮೇಲೆ ಯಜಮಾನರೆಂದು ಚೆನ್ನವೀರಯ್ಯನವರ ಮನೆಗೆ. ‘ಬಂದೆ’. ಮೂರು ಆಯಿತು. ಮರ್ಯಾದಸ್ಥೆ ನನ್ನ ಅಕ್ಕ, ಅಲ್ಲಿಗೆ ಕೀಲಿಮಣೆ ಬಿಟ್ಟು ಕಾದಳು.

ಆ ಹೊತ್ತಿಗೆ ನಾನೆಲ್ಲಿದ್ದೆ? ನೂರು ಹೆಜ್ಜೆ ದೂರದಲ್ಲಿ, ನನ್ನ ಪೆಟ್ಟಿಗೆಯ ಮುಂದೆಯೇ. ಎದುರಿಗೆ ಚೆನ್ನವೀರಯ್ಯ ಕುಳಿತು ಟೀ ಕುಡಿಯುತ್ತಿದ್ದರು. ಅವರ ಮೊಮ್ಮಗನ ನಾಮಕರಣಕ್ಕೆ ಬಂದವರಿಗೆಲ್ಲ ಒಂದೇ ಏಟಿಗೆ ವಂದನೆ ಹೇಳುವ ಒಳದಾರಿ ಬೇಕಾಗಿತ್ತು. ‘ತಮ್ಮ ಆಗಮನದಿಂದ ನಮ್ಮ ಮನೆ ಪಾವನವಾಯಿತು’ ಎಂದಿರಲೋ ‘ಧನ್ಯವಾಯಿತು’ ಎಂದಿರಲೋ ಎಂದು ಇಬ್ಬರೂ ಚರ್ಚೆ ಮಾಡುತ್ತಿದ್ದೆವು. ಅಕ್ಕನ ಸಾಲು ನನ್ನ ಪರದೆಯ ಮೇಲೆ ಬಂದು, ಅದರ ಕೆಳಗೆ ನನ್ನ ಉತ್ತರವೂ ಬಂದು, ನಾನು ಬರೆಯುತ್ತಿದ್ದ ಪಾವನ ಧನ್ಯಗಳ ಒತ್ತಿಗೆ ಎರಡೂ ಮೇಲಕ್ಕೆ ಸರಿದು ಮರೆಯಾದವು. ನನ್ನ ಕಣ್ಣ ಮುಂದೆಯೇ. ಅಕ್ಕನಿಗೆ ಬಂದೆ ಎಂದ ಮೂವರಲ್ಲಿ ಇಬ್ಬರು ಅಲ್ಲಿ ಕುಳಿತು ಎರಡನೆಯ ಟೀ ತರಿಸಿಕೊಂಡೆವು.

ಮಧ್ಯಾಹ್ನ ಒಂದು ಗಂಟೆಗೆ ಅಕ್ಕ ಇನ್ನೊಂದು ಸಾಲು ಕಳಿಸಿದ್ದಾಳೆ. ಮತ್ತೆ ತುರ್ತು ಎಂದು ಬರೆದರೆ ಬಂದೆ ಎಂದವರಿಗೆ ಅವಮಾನ ಎಂದು ಸಾಮಾನ್ಯ ಬಗೆಯಲ್ಲಿಯೇ ಕಳಿಸಿದ್ದಾಳೆ. ‘ಎಲ್ಲಿದ್ದೀಯೇ?’ ಅದಕ್ಕೂ ನನ್ನಿಂದ ಉತ್ತರ ಹೋಗಿದೆ. ‘ದಾರಿಯಲ್ಲಿದ್ದೇನೆ.’ ನಾನು ಆಗ ಅಂಗಡಿಯ ಹಿಂದಿನ ನನ್ನ ಕೋಣೆಯಲ್ಲಿ ಮಜ್ಜಿಗೆ ಅನ್ನ ಉಣ್ಣುತ್ತಿದ್ದೆ.

ನಾಲ್ಕು ಗಂಟೆಗೆ ಮೊಸರು ಮಾರುವ ಕೆಂಚಮ್ಮ ರವಿಕೆ ಅಳತೆಗೆಂದು ಅಕ್ಕನ ಬಾಗಿಲಿಗೆ ಹೋದಳು. ಹೊಸ್ತಿಲ ಈಚೆ ಏನೂ ಕೇಳಿಸಲಿಲ್ಲವಂತೆ. ಒಳಗೆ ಕಾಲಿಟ್ಟಿದ್ದೇ ತಡ, ನರಳಾಟ ಕಿವಿಗೆ ಅಪ್ಪಳಿಸಿತಂತೆ. ಮೊಸರಿನ ಗಡಿಗೆಯನ್ನು ಅಲ್ಲೇ ಎತ್ತಿ ಹಾಕಿ ಬೀದಿಗೆ ಓಡಿ ಬಂದು ಬಾಯಿ ಬಡಿದುಕೊಂಡಳು. ಆಮೇಲೆ ಎಲ್ಲರೂ ಬಂದರು, ನೂರ ನಲವತ್ತಮೂರು ಮನೆಯಿಂದಲೂ. ನಾನೂ ಬಂದೆ. ನಾಲ್ಕು ಜನ ಸೇರಿ ಮಿಷನ್ ಎತ್ತಿದೆವು. ಅಕ್ಕ ನನ್ನ ಮುಖ ನೋಡಿದಳು. “ಬೆಳಿಗ್ಗೇನೇ ಕರೆದುಕೊಂಡು ಬಂದಿದ್ರೆ ಉಳಿಸಬಹುದಾಗಿತ್ತು” ಎಂದರು ಡಾಕ್ಟರು. ಮಾರನೆಯ ದಿನ ಅವಳ ಬಲಪಾದವನ್ನು ತೆಗೆದರು. ಹೊಲಿಗೆಯವಳ ತುಳಿಯುವ ಪಾದ ಅದು.

ಎಂಟು ದಿನ ಬಿಟ್ಟು ಬಟ್ಟೆ ತರಲೆಂದು ಅವಳ ಮನೆಗೆ ಹೋದಾಗ ನಾನು ಆ ಸಾಲುಗಳನ್ನು ಓದಿದ್ದು. ಅವುಗಳ ಕೆಳಗೆ ಇನ್ನೂ ಸಾಲುಗಳಿದ್ದವು. ‘ಬೇಗ ಗುಣವಾಗಲಿ.’ ‘ಬೇಗ ಗುಣವಾಗಲಿ.’ ‘ಬೇಗ ಗುಣವಾಗಲಿ.’ ಪರದೆ ತುಂಬ ಅದೇ, ಮೇಲಕ್ಕೆ ಸರಿಸಿದಷ್ಟೂ ಅದೇ. ಇಡೀ ಬೀದಿ ‘ಗು’ ಒತ್ತಿತ್ತು. ಅಷ್ಟೂ ನಾನು ಬರೆದ ಮಾತೇ. ಪೆಟ್ಟಿಗೆಯನ್ನು ಎತ್ತಿ ಗೋಡೆಗೆ ಬಡಿಯಬೇಕು ಅನ್ನಿಸಿತು. ಅಕ್ಕನದೆಂದು ಬಿಟ್ಟೆ.

ನೇರವಾಗಿ ಬೀದಿಗೆ ಬಂದು ಹಿಟ್ಟಿನ ಗಿರಣಿಯ ಮುಂದೆ ನಿಂತು ಕೂಗಾಡಿದೆ. ಬೀದಿಯಲ್ಲಿ ಆಡಿದ್ದು ಬೀದಿಯಲ್ಲಿದ್ದವರಿಗೆಲ್ಲ ಕೇಳಿಸುತ್ತದೆ, ಜನ ಸೇರಿದರು. “ಆ ಬಂದೆ ಅನ್ನೋ ಒಳದಾರೀನ ಇವತ್ತೇ ತೆಗೀತೀನಿ. ಬರೋ ಹಾಗಿದ್ರೆ ಕೈಯಾರೆ ಬಂದೆ ಅಂತ ಬರೀರಿ. ಇಲ್ಲಾಂದ್ರೆ ಸುಮ್ಮನಿರಿ” ಎಂದೆ.

ಚೆನ್ನವೀರಯ್ಯ ಹೆಗಲ ಮೇಲಿನ ವಸ್ತ್ರ ಸರಿ ಮಾಡಿಕೊಂಡರು. “ಆಗಬಾರದ್ದು ಆಗೋಯ್ತು ಕಣಮ್ಮಾ. ಯಾರೂ ಬೇಕು ಅಂತ ಮಾಡಿದ್ದಲ್ಲ. ಹಂಗಂತ ಬಂದೆ ಅನ್ನೋದನ್ನೇ ಬಿಟ್ಟುಬಿಡೋಕಾಗುತ್ತಾ? ಒಬ್ಬರು ಕರೆದಾಗ ಮನೆ ಸುಮ್ಮನಿದ್ರೆ ನೋಡಿದೋರು ಏನಂದ್ಕೋತಾರೆ?”

“ಮನೆ ಮಾತಾಡಿ ಏನಾಯ್ತು ಯಜಮಾನ್ರೇ? ನೀವೂ ನಾನೂ ಟೀ ಕುಡೀತಿದ್ವಿ.”

“ನಮಗೆ ಗೊತ್ತಿರಲಿಲ್ಲವಲ್ಲಮ್ಮಾ” ಎಂದರು. ಎಷ್ಟು ಹಗುರವಾಗಿ ಅಂದರೆಂದರೆ, ಗೊತ್ತಾಗದ ಹಾಗೆ ಮಾಡಿಸಿಕೊಂಡದ್ದು ಬೇರೆ ಯಾರೋ ಎಂಬಂತೆ.

ಅಷ್ಟರಲ್ಲಿ ಹೊನ್ನಮ್ಮ ಮೂಗು ತೂರಿಸಿದಳು. “ಅವತ್ತೆಲ್ಲ ಟಣ್ ಟಣ್ ಅಂತ ಕೇಳಿಸ್ತಾನೇ ಇತ್ತು ಕಣಮ್ಮ. ಮಿಷನ್ ರಿಪೇರಿ ಮಾಡ್ಕೋತಿದಾಳೆ ಅಂದ್ಕೊಂಡೆ. ನಿಮ್ಮಕ್ಕಾನೂ ಹಂಗೇನೇ, ಇನ್ನೊಬ್ಬರ ಮನೆ ಗಂಟೆ ಹೊಡೆದಿದ್ರೆ ಏನು ಗಂಟು ಹೋಗ್ತಿತ್ತು?”

ಆ ಟಣ್ ಟಣ್ ಏನೆಂದು ನನಗೆ ಗೊತ್ತಿತ್ತು. ಅಕ್ಕನ ದೊಡ್ಡ ಕತ್ತರಿಯ ಹಿಡಿ ಜಜ್ಜಿಹೋಗಿತ್ತು, ಮಿಷನ್ನಿನ ಕಾಲಿನ ಬಣ್ಣ ಎದ್ದಿತ್ತು. ಗಂಟೆಗಟ್ಟಲೆ ಕುಟ್ಟಿದ್ದಾಳೆ. “ನಾಲ್ಕನೇ ಗಂಟೆ ಹೊಡೆದ ಮನೆಗೆ ಆರು ತಿಂಗಳು ಕುಂಕುಮಕ್ಕೆ ಹೋಗದೆ ಇದ್ದೋಳು ನೀನೇ ಅಲ್ವೇನೇ ಹೊನ್ನಮ್ಮಾ? ಗೋಡೆ ಆಚೆ ಇದ್ದೆ. ಎದ್ದು ಬಂದು ಇಣುಕಿ ನೋಡಕ್ಕೆ ನಿನಗೇನು ರೋಗ ಬಂದಿತ್ತು?” ಎಂದೆ. ಅವಳು ಸೆರಗು ಬಾಯಿಗೆ ಹಿಡಿದುಕೊಂಡು ಅಳುವುದಕ್ಕೆ ಶುರು ಮಾಡಿದಳು. ಎಲ್ಲರೂ ಅವಳನ್ನು ಸಮಾಧಾನ ಮಾಡಿದರು. ನನ್ನನ್ನು ಕೆಕ್ಕರಿಸಿ ನೋಡಿದರು.

ಕೊನೆಗೆ ಚೆನ್ನವೀರಯ್ಯ ಕೈ ಎತ್ತಿ ತೀರ್ಮಾನ ಹೇಳಿದರು. “ಒಂದು ಕೆಲಸ ಮಾಡೋಣ. ಇನ್ಮೇಲೆ ಮೂರು ಬಂದೆ ಬದಲಿಗೆ ಐದು ಬಂದೆ ಅಂತ ಇಟ್ಕೊಳ್ಳೋಣ. ಐದೂ ಮನೆಗೆ ಒಟ್ಟಿಗೆ ಹೋಗೋ ಹಂಗೆ ನೀನೇ ಒಂದು ಒಳದಾರಿ ಬರೆದುಕೊಡು ತಾಯಿ. ಬೀದಿಗೆ ಉಪಕಾರ ಆಗುತ್ತೆ.” ಒಳ್ಳೇ ಮಾತು, ಒಳ್ಳೇ ಮಾತು ಎಂದು ಜನ ತಲೆಯಾಡಿಸಿದರು. ಐದು ಸುಳ್ಳು ಸೇರಿದರೆ ಒಂದು ಕಾಲು ಉಳಿಯುತ್ತದೆ ಎಂದು ಲೆಕ್ಕ ಹಾಕಿದ ಆ ತಲೆಗಳನ್ನು ನೋಡುತ್ತ ನಿಂತೆ.

ತಿಂಗಳಾದ ಮೇಲೆ ಅಕ್ಕ ಮನೆಗೆ ಬಂದಳು. ಕೆಂಚಮ್ಮ ದಿನಾ ಬಂದು ಅವಳ ಅಡಿಗೆ ನೋಡಿಕೊಳ್ಳುತ್ತಿದ್ದಳು. ನಾನು ಹೋದರೆ ಅಕ್ಕ ಗೋಡೆಯ ಕಡೆ ತಿರುಗುತ್ತಿದ್ದಳು. ಒಂದು ದಿನ ಮಂಚದ ಪಕ್ಕ ಕುಳಿತು ಅತ್ತೆ. ಕ್ಷಮಿಸು ಎಂದೆ, ಬೈಯಿ ಎಂದೆ, ಹೊಡಿ ಎಂದೆ. ಅವಳು ಪೆಟ್ಟಿಗೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ನಿಧಾನವಾಗಿ ಏನೋ ಬರೆದಳು, ಆಮೇಲೆ ಕಣ್ಣು ಮುಚ್ಚಿಕೊಂಡಳು. ನಾನು ಅಂಗಡಿಗೆ ಹಿಂತಿರುಗಿದಾಗ ಪರದೆಯ ಮೇಲೆ ಇತ್ತು, ಪೂರ್ತಿ ಆಜ್ಞೆ, ಒಂದು ಚುಕ್ಕಿ ತಪ್ಪಿರಲಿಲ್ಲ: ‘ನಿನ್ನ ಮಾತು ನನಗೆ ಬೇಡ.’ ಒಂದೇ ಕೋಣೆಯಲ್ಲಿ, ಮಾತು ಕೇಳಿಸುವ ಕಡೆ, ಎರಡು ಅಡಿ ದೂರದಲ್ಲಿ ಕೂತವಳಿಗೆ ಪೆಟ್ಟಿಗೆಯಲ್ಲಿ ಕಳಿಸಿದ್ದಳು.

ನಾನು ಅಲ್ಲೇ ಕಡತ ತೆರೆದೆ. ಆ ಮೂರು ಸಾಲಿನ ಮುಂದೆ ಬಂದು ನಿಂತೆ. ಮೊದಲ ಸಾಲನ್ನು ಹಾಗೇ ಬಿಟ್ಟೆ, ಬಂದದ್ದು ತುರ್ತು ಆದರೆ. ಎರಡನೆಯದನ್ನು ಅಳಿಸಿ ಬರೆದೆ: ಯಾರಾದರೂ ಬಂದು ಕೀಲಿ ಮುಟ್ಟುವವರೆಗೆ ಗಂಟೆ ಹೊಡಿ. ಮೂರನೆಯದನ್ನು ಅಳಿಸಿ ಬರೆದೆ: ‘ಈ ಮನೆಯಲ್ಲಿ ಇನ್ನೂ ಯಾರೂ ನೋಡಿಲ್ಲ’ ಎಂದು ಕಳಿಸು. ‘ದಾರಿಯಲ್ಲಿದ್ದೇನೆ’ ಎಂಬುದನ್ನೂ ‘ಗು’ ಎಂಬುದನ್ನೂ ಬೇರುಸಮೇತ ಕಿತ್ತೆ. ನನ್ನ ಸ್ವಂತ ಪೆಟ್ಟಿಗೆಯಲ್ಲಿ ಮಾತ್ರ ಆ ಕಡತ ಓದುವ ಸಾಲನ್ನೇ ಅಳಿಸಿ, ನನ್ನ ಪಾಲಿಗೆ ಒಂದು ಒಳದಾರಿಯೂ ಇಲ್ಲದೆ ಬೋಳು ಮಾಡಿದೆ. ಯಾರನ್ನೂ ಕೇಳಲಿಲ್ಲ. ಕೇಳಿದರೆ ಐದು ಎನ್ನುವ ಜನ.

ಮೂರನೆಯ ದಿನವೇ ಹತ್ತಿಕೊಂಡಿತು. ಚೆನ್ನವೀರಯ್ಯನವರ ಬೀಗಿತ್ತಿಗೆ ಬಚ್ಚಲಲ್ಲಿ ತಲೆ ಸುತ್ತಿ, ಸೊಸೆಯ ತವರಿನವರು ಯಜಮಾನರ ಮನೆಗೇ ಮೊದಲು ಗಂಟೆ ಹೊಡೆದರು. ಯಜಮಾನರು ಜಗುಲಿಯಲ್ಲಿ ಪಂಚಾಯ್ತಿ ಮಾಡುತ್ತಿದ್ದರು, ಗಂಟೆ ಹೊಡೆಯಿತು, ಯಾರೋ ಏಳುತ್ತಾರೆ ಎಂದುಕೊಂಡು ಯಾರೂ ಏಳಲಿಲ್ಲ. ಅಷ್ಟರಲ್ಲಿ ಬೀಗರ ಪರದೆಯ ಮೇಲೆ ‘ಈ ಮನೆಯಲ್ಲಿ ಇನ್ನೂ ಯಾರೂ ನೋಡಿಲ್ಲ’ ಎಂದು ಹೋಗಿತ್ತು. ಬೀಗಿತ್ತಿಗೇನೂ ಆಗಲಿಲ್ಲ, ಬೇರೆ ಮನೆಯವರು ಓಡಿ ಬಂದರು. ಮರ್ಯಾದೆ ಹೋದದ್ದು ಮಾತ್ರ ಯಜಮಾನರದು.

ಅವರು ನನ್ನ ಅಂಗಡಿಯ ಮುಂದೆ ಬಂದು ಬೀದಿಯಲ್ಲಿ ನಿಂತರು. ಹಿಂದೆ ಹತ್ತು ಹದಿನೈದು ಜನ. ಕೈ ಬೀಸಿದರು, ನೆಲಕ್ಕೆ ಕಾಲು ಅಪ್ಪಳಿಸಿದರು, ಕತ್ತಿನ ನರ ಉಬ್ಬಿತು. ನನಗೆ ಒಂದಕ್ಷರ ಕೇಳಿಸಲಿಲ್ಲ. ನನ್ನ ಬಾಗಿಲು ತೆರೆದೇ ಇತ್ತು. ಬಾ ಎಂದು ನಾನು ಕರೆಯಲಿಲ್ಲ, ಎದ್ದು ಹೊರಗೂ ಹೋಗಲಿಲ್ಲ. ಕುರ್ಚಿಯಲ್ಲಿ ಕುಳಿತು, ಬೆವರುತ್ತಿದ್ದ ಆ ಮುಖವನ್ನು ನೋಡುತ್ತಿದ್ದೆ. ನನ್ನ ಅಕ್ಕ ಆರು ಗಂಟೆ ಕಾಲ ಹೀಗೇ ಬಾಯಿ ತೆರೆದಿದ್ದಳು ಎಂದು ನೆನೆಸಿಕೊಂಡೆ. ಕೂಗಿ ಕೂಗಿ ಸಾಕಾಗಿ, ಕೊನೆಗೆ ಅವರು ಹೊಸ್ತಿಲು ದಾಟಿ ಒಳಗೆ ಬಂದರು.

“...ಬೀದಿ ಮಾನ ಹರಾಜು ಹಾಕಿದೀಯಲ್ಲೇ! ಯಾರ ಅಪ್ಪಣೆ ತಗೊಂಡೆ ನೀನು?” ಎಂಬುದು ನನಗೆ ಕೇಳಿಸಿದ ಮೊದಲ ಮಾತು.

“ಹೇಳಬೇಕು ಅಂದ್ರೆ ಒಳಗೆ ಬರಬೇಕಾಯ್ತು ನೋಡಿ” ಎಂದೆ. “ಅಕ್ಕನ ಮನೆಗೂ ಇಷ್ಟೇ ದೂರ ಇತ್ತು.”

ಅವರು ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡರು. ನಾಚಿಕೆಯಾಯಿತೆಂದು ನಾನು ತಿಳಿದೆ. ನಾಚಿಕೆ ಎಲ್ಲಿಂದ ಬರಬೇಕು? “ಮೇಲಿನ ಬೀದಿ ವೃಷಭೇಂದ್ರ ಬರೆದುಕೊಡ್ತಾನೆ. ನೀನಿಲ್ಲದಿದ್ರೆ ಊರು ಮುಳುಗೋದಿಲ್ಲ” ಎಂದು ಹೇಳಿ ಇಳಿದು ಹೋದರು.

ಹಾಗೇ ಆಯಿತು. ಒಂದು ತಿಂಗಳಲ್ಲಿ ಮುಕ್ಕಾಲು ಬೀದಿ ನನ್ನ ಕಡತ ಓದುವ ಸಾಲನ್ನು ಅಳಿಸಿ ವೃಷಭೇಂದ್ರನ ಕಡತ ಹಾಕಿಸಿಕೊಂಡಿತು. ಅವನ ಒಳದಾರಿ ನನ್ನದಕ್ಕಿಂತ ಜಾಣತನದ್ದಂತೆ. ‘ಬಂದೆ’ ಎಂಬುದನ್ನು ಏಳು ಬಗೆಯಲ್ಲಿ ಹೇಳುತ್ತದಂತೆ. ‘ಬಂದೇಬಿಟ್ಟೆ’, ‘ಚಪ್ಪಲಿ ಹಾಕ್ಕೋತಿದೀನಿ’, ‘ಅಯ್ಯೋ ಏನಾಯ್ತು, ಬಂದೆ’. ಕೈಯಾರೆ ಬರೆದದ್ದಲ್ಲ ಎಂದು ಯಾರಿಗೂ ಅನುಮಾನ ಬಾರದ ಹಾಗೆ ಎರಡು ನಿಮಿಷ ತಡ ಮಾಡಿ ಕಳಿಸುತ್ತದಂತೆ. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಉಳಿದ ಮೂವತ್ತು ಚಿಲ್ಲರೆ ಮನೆಗಳಲ್ಲಿ ಗಂಟೆ ಇವತ್ತಿಗೂ ಹೊಡೆಯುತ್ತದೆ, ಅಲ್ಲಿಯವರು ಗೊಣಗಿಕೊಂಡಾದರೂ ಎದ್ದು ಹೋಗುತ್ತಾರೆ. ಕೆಂಚಮ್ಮನ ಮನೆ ಅದರಲ್ಲೊಂದು.

ದೀಪಾವಳಿಗೆ ಇನ್ನು ನಾಲ್ಕು ದಿನವಿತ್ತು. ಮಧ್ಯಾಹ್ನ ಮೂರು ಗಂಟೆ, ಅಂಗಡಿಯಲ್ಲಿ ನೊಣ ಹೊಡೆಯುತ್ತಿದ್ದೆ. ನನ್ನ ಪೆಟ್ಟಿಗೆ ಗಂಟೆ ಹೊಡೆಯಿತು. ಎಷ್ಟು ಕಾಲದ ಮೇಲೆ ಕೇಳಿದ ಸದ್ದೋ, ಕುರ್ಚಿಯಿಂದ ಎದ್ದೇಬಿಟ್ಟೆ. ಪರದೆಯ ಮೇಲೆ ಅಕ್ಕನ ಸಾಲು, ಬಗೆ ತುರ್ತು. ‘ಕೆಂಚಮ್ಮನ ಮಗಳ ರವಿಕೆ ಸಂಜೆಗೆ ಕೊಡಬೇಕು. ಎಡಗಾಲಿಗೆ ಮಿಷನ್ ಒಗ್ಗುತ್ತಿಲ್ಲ. ತುಳಿಯಲು ಒಂದು ಕಾಲು ಬೇಕು.’

ಒಂದು ರವಿಕೆಗೆ ಯಾರಾದರೂ ತುರ್ತು ಗಂಟೆ ಹೊಡೆಯುತ್ತಾರೆಯೇ? ಅಕ್ಕ ಹೊಡೆದಿದ್ದಳು. ನನ್ನ ಕೈ ತಾನಾಗಿ ಕೀಲಿಮಣೆಗೆ ಹೋಯಿತು. ಇಪ್ಪತ್ತು ವರ್ಷದ ಅಭ್ಯಾಸ. ‘ಬಂದೆ’ ಎಂದು ಬರೆಯಲು ‘ಬ’ ಎಂಬ ಅಕ್ಷರದ ಮೇಲೆ ಬೆರಳು ನಿಂತಿತ್ತು. ಹಾವು ತುಳಿದವಳಂತೆ ಕೈ ಹಿಂದಕ್ಕೆ ತೆಗೆದುಕೊಂಡೆ. ಅಂಗಡಿಗೆ ಬೀಗವನ್ನೂ ಹಾಕದೆ ಓಡಿದೆ. ಗಿರಣಿಯ ಮುಂದೆ ಚಪ್ಪಲಿ ಕಿತ್ತಿತು, ಬಿಟ್ಟು ಓಡಿದೆ. ಹೊನ್ನಮ್ಮ ಜಗುಲಿಯ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದಳು, ಏನಾಯ್ತೇ ಎಂದಳು. ಅವಳಿಗೆ ಉತ್ತರ ಕೊಡುವಷ್ಟು ಸೌಜನ್ಯ ನನ್ನಲ್ಲಿ ಉಳಿದಿರಲಿಲ್ಲ.

ಬಾಗಿಲು ತೆರೆದಿತ್ತು. ಹೊಸ್ತಿಲಿನ ಈಚೆಯಿಂದಲೇ ಕಂಡಿತು, ಅಕ್ಕ ಮಿಷನ್ನಿನ ಮುಂದೆ ಸ್ಟೂಲಿನ ಮೇಲೆ ಓರೆಯಾಗಿ ಕುಳಿತಿದ್ದಳು. ನನ್ನನ್ನು ನೋಡುತ್ತಲೇ ಅವಳ ಬಾಯಿ ಆಡತೊಡಗಿತು. ಬೈಯುತ್ತಿದ್ದಳು. ಹುಬ್ಬು ಗಂಟಿಕ್ಕಿತ್ತು, ಕತ್ತರಿ ಹಿಡಿದ ಕೈ ನನ್ನ ಕಡೆ ಚಾಚಿತ್ತು. ಐದು ತಿಂಗಳ ಮೇಲೆ ಅಕ್ಕನ ಬಾಯಿ ನನಗಾಗಿ ಆಡುತ್ತಿತ್ತು, ಒಂದು ಮಾತೂ ಕೇಳಿಸುತ್ತಿರಲಿಲ್ಲ. ನಾನು ಒಳಗೆ ಕಾಲಿಟ್ಟೆ.

“...ಬರಿಗಾಲಲ್ಲಿ ಓಡಿ ಬಂದಿದೀಯಲ್ಲೇ ಮುಂಡೇದೇ, ಮುಳ್ಳು ಗಿಳ್ಳು ಚುಚ್ಚಿದ್ರೆ ಏನು ಮಾಡ್ತೀಯ? ಈ ಮನೇಲಿ ಉಳಿದಿರೋದೇ ಮೂರು ಕಾಲು.”

ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು, ಅವಳ ಮೇಲಲ್ಲ. ಅವಳ ಮುಖದಲ್ಲಿಯೂ ಸಿಟ್ಟು ಹಾಗೇ ಇತ್ತು, ಇಳಿದಿರಲಿಲ್ಲ. ಇಳಿಯಬೇಕೆಂದು ನಾನು ಕೇಳಲೂ ಇಲ್ಲ. ಮಣೆ ಎಳೆದುಕೊಂಡು ಅವಳ ಬಲಗಡೆ ಕುಳಿತು, ತುಳಿಗೆಯ ಮೇಲೆ ನನ್ನ ಬಲಗಾಲು ಇಟ್ಟೆ. ಕಬ್ಬಿಣ ತಣ್ಣಗಿತ್ತು. ರವಿಕೆಯ ತೋಳು ಆಗಲೇ ಸೂಜಿಯ ಕೆಳಗೆ ಇತ್ತು.

“ನಾನು ಉತ್ತರ ಕಳಿಸ್ಲಿಲ್ಲ ಅಕ್ಕಾ” ಎಂದೆ.

“ಗೊತ್ತು” ಎಂದಳು ಅಕ್ಕ, ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ಕಡೆ ನೋಡದೆ. “ಉತ್ತರ ಬರ್ಲಿಲ್ಲ. ಬರ್ತಿದೀಯ ಅಂತ ಗೊತ್ತಾಯ್ತು. ಸೂಜಿಗೆ ದಾರ ಪೋಣಿಸಿಟ್ಟಿದೀನಿ, ತುಳಿ.”